ಕಾವಲು ಗೋಪುರದ ಮೇಲೆ ಬಿದ್ದ ಕೆಂಪು ಬೆಳಕು

ನಾಗಪುರ, ಕಾರ್ಖಾನೆ ವಸತಿ
ಶನಿವಾರ, ೧೯ ಜನವರಿ ೨೦೦೨

ಯಶೂನ ಅಪ್ಪಾಜಿಯವರಿಗೆ ನೀಲಾಂಬಿಕಾ ಮಾಡುವ ನಮಸ್ಕಾರಗಳು.

ಪುಣೆಯ ಚಳಿಗೆ ನಿಮ್ಮ ಕೆಮ್ಮು ಹೇಗಿದೆ? ಟ್ರೇನಿಂಗ್ ಹಾಸ್ಟೆಲ್ಲಿನಲ್ಲಿ ಈಗಲಾದರೂ ಬಿಸಿ ಚಪಾತಿ ಸಿಗುತ್ತಿದೆಯೋ, ಬೆಳಿಗ್ಗೆ ಮಾಡಿದ್ದನ್ನೇ ರಾತ್ರಿಗೂ ಬಡಿಸುತ್ತಾರೋ? ಸಂಕ್ರಮಣಕ್ಕೆ ನೀವಿಲ್ಲದೆ ಮನೆ ಬಿಕೋ ಎನ್ನುತ್ತಿತ್ತು. ಸಜ್ಜೆ ರೊಟ್ಟಿ ಬಡಿಯುವಾಗ ಕೈ ತಾನಾಗಿಯೇ ನಿಮ್ಮ ಪಾಲಿನದನ್ನೂ ಬಡಿದಿತ್ತು. ಅವನ್ನು ಒಣಗಿಸಿ ಕಟ್ಟಿ ಕಳಿಸಿದ್ದೇನೆ. ಯಶೂಗೆ ನೆಗಡಿ ಹೋಗಿದೆ. ಮಾವನವರ ಮೊಣಕಾಲು ಮೊದಲಿನಂತೆಯೇ ಇದೆ, ಎಣ್ಣೆ ತಿಕ್ಕಿಸಿಕೊಳ್ಳಿ ಎಂದರೆ ಕೇಳುವುದಿಲ್ಲ. ಈ ಕಾಗದ ಅಂಚೆಯಲ್ಲಿ ಬರದೆ ಮೇಲಿನ ಮನೆಯ ಸೋಮಣ್ಣನವರ ಕೈಯಲ್ಲಿ ಬಂದದ್ದು ಕಂಡು ಎದೆ ಒಡೆದುಕೊಳ್ಳಬೇಡಿ, ಎಲ್ಲರೂ ಆರೋಗ್ಯವಾಗಿದ್ದೇವೆ. ಆದರೆ ಇಲ್ಲಿ ಒಂದು ಸಂಗತಿ ನಡೆದುಹೋಗಿದೆ, ಫೋನಿನಲ್ಲಿ ಹೇಳುವಂತಿಲ್ಲ. ಕ್ವಾರ್ಟರ್ಸಿನ ಫೋನು ಕಾರ್ಖಾನೆಯ ಎಕ್ಸ್‌ಚೇಂಜ್ ದಾಟಿ ಬರಬೇಕು. ಗೇಟಿನಾಚೆ ವಾಡಿಯ ಎಸ್‌ಟಿಡಿ ಬೂತಿಗೆ ಹೋದರೆ ಸಾಲಿನಲ್ಲಿ ನಿಂತ ಲಾರಿಯವರೆಲ್ಲ ಕಿವಿಗೊಡುತ್ತಾರೆ. ಸೋಮಣ್ಣನವರು ಮಗಳ ಮನೆಗೆಂದು ಇವತ್ತೇ ಪುಣೆಗೆ ಹೊರಟಿರುವುದು ನಮ್ಮ ಪುಣ್ಯ.

ನಮ್ಮ ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಈ ಸಲ ನನ್ನ ವಿಜ್ಞಾನದ ಕ್ಲಾಸಿನ ಕಡೆಯಿಂದಲೂ ಏನಾದರೂ ಆಗಬೇಕು ಎಂದು ಹೆಡ್‌ಮಿಸ್ಟ್ರೆಸ್ ಪಾಠಕ್ ಬಾಯಿ ಹೇಳಿದ್ದರು. ಪ್ರತಿ ವರ್ಷ ಜ್ವಾಲಾಮುಖಿಯ ಮಾದರಿ ಮಾಡಿ ನನಗೂ ಬೇಸರ ಬಂದಿತ್ತು. ದೊಡ್ಡ ಊರುಗಳ ಸಮಾರಂಭಗಳಲ್ಲಿ ಲೇಸರ್ ಬೆಳಕಿನಿಂದ ಗೋಡೆಯ ಮೇಲೆ ಚಿತ್ರ ಕುಣಿಸುತ್ತಾರಲ್ಲ, ಅದನ್ನು ಮನೆಯಲ್ಲೇ ಮಾಡುವ ಬಗೆ ಸೈಬರ್ ಕೆಫೆಯಲ್ಲಿ ಓದಿದೆ. ನಿಮಗೆ ಬರೆಯಲಿಲ್ಲ, ಬಂದಾಗ ದೀಪ ಆರಿಸಿ ತೋರಿಸೋಣ ಎಂಬ ಆಸೆ. ನಮ್ಮ ಕಂಪ್ಯೂಟರಿನೊಳಗೆ ಹಾಡು ಕೇಳಿಸುವ ಸೌಂಡ್ ಕಾರ್ಡ್ ಇದೆಯಲ್ಲ, ಅದು ಎಡಕ್ಕೊಂದು ಬಲಕ್ಕೊಂದು ದನಿಯನ್ನು ಬೇರೆ ಬೇರೆ ತಂತಿಯಲ್ಲಿ ಹೊರಗೆ ಕಳಿಸುತ್ತದೆ. ಕೆಟ್ಟುಹೋದ ಟೇಪ್‌ರೆಕಾರ್ಡರಿನ ಎರಡು ಸ್ಪೀಕರ್ ಬಿಚ್ಚಿ, ಅವುಗಳ ಮೇಲೆ ಉಗುರಿನಷ್ಟು ಕನ್ನಡಿ ಚೂರು ಅಂಟಿಸಿದೆ. ಎಡದ ದನಿಗೆ ಒಂದು ಕನ್ನಡಿ ಬೆಳಕನ್ನು ಅಡ್ಡಡ್ಡ ಅಲ್ಲಾಡಿಸುತ್ತದೆ, ಬಲದ ದನಿಗೆ ಇನ್ನೊಂದು ಮೇಲೆ ಕೆಳಗೆ. ಸೀತಾಬರ್ಡಿಯ ಫುಟ್‌ಪಾತಿನಲ್ಲಿ ಮಾರುವ ಕೆಂಪು ಲೇಸರ್ ಟಾರ್ಚನ್ನು ಒಂದರ ಮೇಲೆ ಬಿಟ್ಟರೆ ಅದು ಎರಡನೆಯದಕ್ಕೆ ಹಾರಿ, ಅಲ್ಲಿಂದ ಗೋಡೆಗೆ ಹೋಗುತ್ತದೆ. ಬಿಂದು ಒಂದೇ, ಆದರೆ ಎಷ್ಟು ಬೇಗ ಓಡುತ್ತದೆಂದರೆ ಕಣ್ಣಿಗೆ ಇಡೀ ಗೆರೆ ಕಾಣುತ್ತದೆ.

ಮೊದಲು ಬಂದದ್ದು ಬರೀ ಗೋಜಲು. ಬೆಳಕನ್ನು ಒಂದು ಕಡೆ ನಿಲ್ಲಿಸಹೋದರೆ ಅದು ನಿಲ್ಲದೆ ನಡುವಿಗೆ ಜಾರುತ್ತಿತ್ತು, ಏಕೆಂದರೆ ಸೌಂಡ್ ಕಾರ್ಡಿಗೆ ನಡುಗುವುದಷ್ಟೇ ಗೊತ್ತು, ಒಂದು ಕಡೆ ತಡೆದು ನಿಲ್ಲುವುದು ಗೊತ್ತಿಲ್ಲ. ಅದಕ್ಕೇ ಎಲ್ಲೂ ನಿಲ್ಲದ ಚಿತ್ರಗಳನ್ನೇ ಆರಿಸಿಕೊಂಡೆ: ಒಂದು ವೃತ್ತ, ಒಂದು ಹೂವು, ಸಂಕ್ರಮಣದ ಗಾಳಿಪಟ. ಚಿತ್ರವನ್ನು ದನಿಯಾಗಿ ಬರೆಯಬೇಕು. ಗಾಳಿಪಟದ ದನಿ ಕೇಳಿಸಿದರೆ ದುಂಬಿ ಗುಂಯ್‌ಗುಟ್ಟಿದಂತೆ ಇರುತ್ತದೆ, ಯಶೂ ಅದನ್ನು ಕೇಳಿ ಕೇಳಿ ನಗುತ್ತಿದ್ದಳು. ಮಕ್ಕಳ ಕಣ್ಣಿನ ಭಯ ನನಗಿತ್ತು. ಬೆಳಕು ಯಾವಾಗಲೂ ತಲೆಗಿಂತ ಮೇಲೆ ಹೋಗಬೇಕು, ಯಶೂ ನನ್ನ ಬೆನ್ನ ಹಿಂದೆಯೇ ನಿಲ್ಲಬೇಕು ಎಂದು ಕಟ್ಟು ಮಾಡಿದ್ದೆ. ಒಳಗಿನದೆಲ್ಲ ಯೋಚಿಸಿದ್ದೆ, ಕಿಟಕಿಯಾಚೆಯದನ್ನು ಯೋಚಿಸಲಿಲ್ಲ.

ಗುರುವಾರ ಸಂಜೆ ಸೂರ್ಯ ಮುಳುಗಿದ ಮೇಲೆ ಪರೀಕ್ಷೆ ಮಾಡುತ್ತಿದ್ದೆ. ಅಂಟಿನ ವಾಸನೆಗೆ ಮಾವನವರು ಕೆಮ್ಮತೊಡಗಿದರೆಂದು ಕಿಟಕಿ ತೆರೆದೆ. ಗಾಳಿಪಟ ಗೋಡೆಯ ಮೇಲೆ ಚೆನ್ನಾಗಿ ಕುಣಿಯುತ್ತಿತ್ತು, ಇದ್ದಕ್ಕಿದ್ದಂತೆ ಮಾಯವಾಯಿತು. ಮೊದಲ ಕನ್ನಡಿ ಕಳಚಿ ಬಿದ್ದಿತ್ತು. ನಾನೂ ಯಶೂವೂ ಮಂಚದ ಕೆಳಗೆ ಬಗ್ಗಿ ತಡಕಾಡುತ್ತ ಉಳಿದೆವು, ಟಾರ್ಚು ಆರಿಸುವ ನೆನಪೇ ಬರಲಿಲ್ಲ. ತಿರುಗಿಸುವ ಕನ್ನಡಿ ಇಲ್ಲದೆ ಬೆಳಕು ನೆಟ್ಟಗೆ ಕಿಟಕಿಯಿಂದ ಹೊರಗೆ ಹೋಗಿ, ಕಾಂಪೌಂಡಿನಾಚೆಯ ಕಾವಲು ಗೋಪುರದ ಮೇಲೆ ಬಿದ್ದಿದೆ. ಅಲ್ಲಿ ಪಹರೆಗಿದ್ದ ಜವಾನನಿಗೆ ತನ್ನ ಎದೆಯ ಮೇಲೆ ಕೆಂಪು ಚುಕ್ಕೆ, ನಮ್ಮ ಕಿಟಕಿಯ ಕತ್ತಲಲ್ಲಿ ಉರಿಯುವ ಕೆಂಪು ಬಿಂದು ಕಂಡಿದೆ. ಮೊದಲೇ ಮದ್ದುಗುಂಡಿನ ಕಾರ್ಖಾನೆ, ದಿಲ್ಲಿಯಲ್ಲಿ ಸಂಸತ್ತಿನ ಮೇಲೆ ದಾಳಿ ಆದಾಗಿನಿಂದ ಇಲ್ಲಿ ಹಾಲಿನವನನ್ನೂ ಗೇಟಿನಲ್ಲಿ ತಡೆದು ನೋಡುತ್ತಾರೆ. ಯಾರೋ ತನಗೆ ಗುರಿ ಇಟ್ಟಿದ್ದಾರೆಂದು ಆ ಹುಡುಗ ಬಂದೂಕು ಎತ್ತಿದ್ದನಂತೆ. ಆಗ ನಾನು ಕನ್ನಡಿ ಸಿಕ್ಕಿತೆಂದು ಎದ್ದು ಕಿಟಕಿಯ ಮುಂದೆ ನಿಂತಿದ್ದೆ, ಯಶೂ ಪಕ್ಕದಲ್ಲಿ. ಹೆಂಗಸು, ಮಗು ಕಂಡು ಅವನು ತಡೆದನಂತೆ.

ಸೀಟಿ ಕೇಳಿಸಿತು, ಜೀಪು ಬಂತು. ಬಾಗಿಲು ತೆರೆಯುವಷ್ಟರಲ್ಲಿ ಮೆಟ್ಟಿಲ ತುಂಬ ಬೂಟುಗಳು. ಸೆಕ್ಯೂರಿಟಿ ಆಫೀಸರ್ ವಾನಖೇಡೆ ಸಾಹೇಬರು ಒಳಗೆ ಬಂದು ಎಲ್ಲ ನೋಡಿದರು. ಕೂಗಾಡಲಿಲ್ಲ, ಅದಕ್ಕೇ ಹೆಚ್ಚು ಭಯವಾಯಿತು. “ಯೇ ಕಿಸನೆ ಬನಾಯಾ?” ಎಂದು ಒಂದೇ ಮಾತು ಕೇಳಿದರು. ಮಾಡಿದವರು ಯಾರೆಂದು ನಾನು ಬಾಯಿ ತೆರೆಯುವ ಮೊದಲೇ ಮಾವನವರು ಮುಂದೆ ಬಂದು, “ಮೇರಾ ಬೇಟಾ, ಸಾಬ್. ಸಿದ್ದೇಶ. ಛುಟ್ಟಿ ಮೇ ಆಯಾ ಥಾ, ಬನಾಕೆ ಗಯಾ” ಎಂದು, ರಜೆಗೆ ಬಂದಾಗ ನೀವೇ ಮಾಡಿಟ್ಟು ಹೋದಿರೆಂದುಬಿಟ್ಟರು. ಹವಾಲ್ದಾರ ಬರೆದುಕೊಂಡೂಬಿಟ್ಟ. ಮಾವನವರು ನನ್ನ ಕಡೆ ತಿರುಗಿ ಮೆಲ್ಲಗೆ, “ನೀ ಸುಮ್ನಿರವ್ವ. ಗಂಡಸ್ರಿಗಾದ್ರ ಬೈದು ಬಿಡ್ತಾರ. ನಿನ್ನ ಆಫೀಸಿಗೆ ಕರಕೊಂಡು ಹೋದ್ರ ನಾ ಅವಗ ಹ್ಯಾಂಗ ಮಾರಿ ತೋರ್ಸ್ಲಿ?” ಎಂದರು. ನನ್ನ ಮೇಲಿನ ಮಮತೆಗೇ ಅವರು ಹಾಗೆ ಹೇಳಿದ್ದು. ಆದರೆ ಟ್ರೇನಿಂಗ್ ಮುಗಿದರೆ ನೀವು ಅಸಿಸ್ಟಂಟ್ ಫೋರ್‌ಮನ್. ಈ ಹೊತ್ತಿನಲ್ಲಿ ನಿಮ್ಮ ಹೆಸರಿನ ಮುಂದೆ ಇಂಥದ್ದೊಂದು ಬಿದ್ದರೆ ಏನು ಗತಿ? “ಇಲ್ರೀ ಮಾವ, ಹಂಗ ಹೇಳಬ್ಯಾಡ್ರಿ” ಎಂದು, ಸಾಹೇಬರಿಗೆ ಹಿಂದಿಯಲ್ಲಿ ಹೇಳಿದೆ: ನನ್ನ ಯಜಮಾನರು ಅಕ್ಟೋಬರಿನಿಂದ ಮನೆಗೆ ಬಂದಿಲ್ಲ, ಇದು ಅವರಿಗೆ ಗೊತ್ತೂ ಇಲ್ಲ, ಮಾಡಿದವಳು ನಾನು. ಪರರ ಮುಂದೆ ಮಾವನವರ ಮಾತು ಸುಳ್ಳು ಮಾಡಿದಂತಾಯಿತು. ಅವರು ಹೋಗಿ ತಮ್ಮ ಕುರ್ಚಿಯಲ್ಲಿ ಕುಳಿತರು. ಕಂಪ್ಯೂಟರು, ಸ್ಪೀಕರು, ಟಾರ್ಚು ಎಲ್ಲ ಜೀಪಿಗೆ ಹೋದವು.

ನಿನ್ನೆ ಬೆಳಿಗ್ಗೆ ನನ್ನನ್ನು ಆಫೀಸಿಗೆ ಕರೆದರು. ಮಾವನವರು ಮುನಿಸಿಕೊಂಡಿದ್ದರೂ ಕೋಟು ಹಾಕಿಕೊಂಡು ಜೊತೆಗೆ ಬಂದು ಹೊರಗಿನ ಬೆಂಚಿನ ಮೇಲೆ ಕುಳಿತರು. ಒಳಗೆ ಐದಾರು ಗಂಡಸರು. ಯಾರು ಕಲಿಸಿದರು, ಯಾವ ಸೈಬರ್ ಕೆಫೆ, ಊರಿನಿಂದ ಯಾರು ಯಾರು ಬರುತ್ತಾರೆ, ಎಲ್ಲ ಕೇಳಿದರು. ಧಾರವಾಡದಲ್ಲಿ ಬಿ.ಎಸ್ಸಿ. ಓದಿದೆ ಎಂದರೆ, ಓದಿದ್ದು ಸರಿ, ಮಾಡಿದ್ದು ಯಾರು ಎಂದು ಮತ್ತೆ ಅಲ್ಲಿಗೇ ಬಂದರು. ಆಮೇಲೆ ವಾನಖೇಡೆಯವರು, ಇಂಥ ಬೆಳಕಿನಿಂದ ದೂರದವರಿಗೆ ಸಂದೇಶ ಕಳಿಸಬಹುದೇ ಎಂದು ಕೇಳಿದರು. ಕಳಿಸಬಹುದು, ಆದರೆ ನಾನು ಮಾಡಿದ್ದು ಅದಕ್ಕಲ್ಲ ಎಂದೆ. ಅವರು ಮೊದಲರ್ಧವನ್ನು ಬರೆದುಕೊಂಡರು. ಅದು ನಿಜವಾದ ಉತ್ತರವೇ, ಆದರೂ ಬೆಪ್ಪಳಂತೆ ಹೇಳಿದೆನೇ ಎಂದು ಆಗಿನಿಂದ ಕೊರೆಯುತ್ತಿದೆ. ಮಕ್ಕಳು ಕೇಳಿದ್ದರೆ ಪಾಠ ಮಾಡುತ್ತಿದ್ದೆನಲ್ಲ, ಅದೇ ರೂಢಿಯಲ್ಲಿ ಬಂದುಬಿಟ್ಟಿತು.

ಕೊನೆಗೆ, ನಡೆಸಿ ತೋರಿಸಿ ಎಂದರು. ತಂತಿಗಳನ್ನೆಲ್ಲ ಕಿತ್ತು ಒಂದೇ ಗಂಟು ಮಾಡಿದ್ದರು. ಅಷ್ಟು ಜನ ನೋಡುತ್ತಿರುವಾಗ ಕನ್ನಡಿ ಅಂಟಿಸುವುದೆಂದರೆ! ಒಂದು ಸಲ ವಕ್ರವಾಗಿ ಕೂತಿತು, ಕಿತ್ತು ಮತ್ತೆ ಕೂರಿಸಿದೆ. ಪರದೆ ಎಳೆಯಲು ಹೇಳಿ, ಎಲ್ಲರನ್ನೂ ನನ್ನ ಹಿಂದಕ್ಕೆ ಕರೆದೆ. ಅವರು ಬಂದು ನಿಂತರು. ಮೊದಲು ವೃತ್ತ ಬಂತು, ಆಮೇಲೆ ಹೂವು, ಆಮೇಲೆ ಗಾಳಿಪಟ ಅವರ ಫೈಲು ಕಪಾಟಿನ ಮೇಲೆ ಬಾಲ ಆಡಿಸಿತು. ಗೋಪುರದಲ್ಲಿದ್ದ ಆ ಜವಾನನೂ ಅಲ್ಲಿದ್ದ, ಇನ್ನೂ ಮೀಸೆ ಸರಿಯಾಗಿ ಬರದ ಹುಡುಗ. ಗೋಡೆಯನ್ನೇ ನೋಡುತ್ತ, “ಬಸ್ ಇತನಾ ಹೀ ಥಾ, ದೀದಿ?” ಎಂದ. ಇಷ್ಟೇನಾ ಎಂದು ಕೇಳಿ ತಲೆ ತಗ್ಗಿಸಿದ. ಗುಂಡು ಹಾರಿಸಿದ್ದರೆ ಏನಾಗುತ್ತಿತ್ತೆಂದು ಅವನೂ ಎಣಿಸಿರಬೇಕು. ನಾನು ಅವನಿಗೆ ಕೈ ಮುಗಿದೆ.

ವಾನಖೇಡೆಯವರು ಪೊಲೀಸಿಗೆ ಕೊಡುವುದಿಲ್ಲ ಎಂದರು. ಆದರೆ ವರದಿ ಮೇಲೆ ಹೋಗಲೇಬೇಕು, ಮುಗಿಯುವ ತನಕ ಸಾಮಾನು ಅವರ ಬಳಿಯೇ. ಪಾಠಕ್ ಬಾಯಿ ನನ್ನ ಕಾರ್ಯಕ್ರಮವನ್ನು ಗ್ಯಾದರಿಂಗಿನಿಂದ ತೆಗೆದಿದ್ದಾರೆ, ಮುಂದೆ ಕೆಲಸಕ್ಕೆ ಕರೆಯುತ್ತಾರೋ ಇಲ್ಲವೋ ತಿಳಿಯದು. ಶಾಲೆಯಲ್ಲಿ ಹುಡುಗಿಯರು “ತುಝ್ಯಾ ಆಈಲಾ ಪಕಡಲಂ” ಎಂದು ಅಮ್ಮನನ್ನು ಹಿಡಿದುಕೊಂಡು ಹೋದರೆಂದು ಯಶೂನನ್ನು ಕಾಡಿದ್ದಾರೆ. ಅವಳು ನನ್ನ ಮುಂದೆ ಅಳಲಿಲ್ಲ, ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ಅತ್ತಳು. ದೊಡ್ಡ ತೊಡಕೆಂದರೆ ಹವಾಲ್ದಾರನ ಬರಹದಲ್ಲಿ ಮಾವನವರ ಮಾತೊಂದು, ನನ್ನ ಮಾತೊಂದು. ಎರಡು ಬಗೆ ಇದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದೇ ಓದುತ್ತಾರಂತೆ.

ನಿನ್ನೆ ಮಾವನವರು ಊಟಕ್ಕೆ ಏಳಲಿಲ್ಲ. ಇವತ್ತು ಬೆಳಿಗ್ಗೆ ನೋಡಿದರೆ ಮನೆಯಲ್ಲಿಲ್ಲ. ಆ ಮೊಣಕಾಲು ಹೊತ್ತು ಎಲ್ಲಿಗೆ ಹೋದರೆಂದು ಮಾರ್ಕೆಟ್ಟು, ಹನುಮಂತನ ಗುಡಿ ಎಲ್ಲ ಸುತ್ತಿ ಬಂದೆ. ಆಮೇಲೆ ತಾವೇ ಬಂದರು. ಸೆಕ್ಯೂರಿಟಿ ಆಫೀಸಿಗೆ ಹೋಗಿ, ಮೊದಲು ಆಡಿದ್ದು ಸುಳ್ಳು, ಮಾಡಿದವಳು ಸೊಸೆ ಎಂದು ಕನ್ನಡದಲ್ಲೇ ಬರೆದು ಸಹಿ ಹಾಕಿ ಬಂದಿದ್ದಾರೆ. ನೀರು ಕೊಟ್ಟರೆ ಲೋಟ ಹಿಡಿದುಕೊಂಡೇ, “ಎಪ್ಪತ್ತು ವರ್ಷಕ್ಕ ಸುಳ್ಳ ಹೇಳಾಕ ಹೋದೆ, ಅದೂ ಬರೋಬರ್ ಬರಲಿಲ್ಲ ನೋಡವ್ವ” ಎಂದರು. ನಾನು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ರೊಟ್ಟಿ ಬಡಿದೆ. ಎರಡು ಉಂಡರು.

ಇನ್ನು ಉಳಿದದ್ದು ನೀವು. ಕ್ವಾರ್ಟರ್ಸು ನಿಮ್ಮ ಹೆಸರಿನಲ್ಲಿರುವುದರಿಂದ ಸೋಮವಾರ ಅಲ್ಲಿಯ ಆಫೀಸಿನಲ್ಲಿ ನಿಮ್ಮನ್ನು ಕರೆದು ಕೇಳುತ್ತಾರೆ. ಗಾಬರಿಯಾಗಬೇಡಿ. ನಿಮಗೆ ಸರಿ ಕಂಡದ್ದನ್ನು ಹೇಳಿ. ಬುತ್ತಿಯಲ್ಲಿ ರೊಟ್ಟಿಯ ಜೊತೆ ಶೇಂಗಾ ಹೋಳಿಗೆ, ಎಳ್ಳುಂಡೆ ಇವೆ. ಕೆಮ್ಮಿಗೆ ಜ್ಯೇಷ್ಠಮಧು ಚೀಟಿಯಲ್ಲಿ ಕಟ್ಟಿದ್ದೇನೆ. ಮಾವನವರ ಆಶೀರ್ವಾದ, ಯಶೂನ ಮುತ್ತು. ಸೋಮಣ್ಣನವರು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಬೆಚ್ಚಗೆ ಹೊದ್ದು ಮಲಗಿ.

ನಿಮ್ಮ
ನೀಲಾ

ತಾ.ಕ.: ಸರಿ ಕಂಡದ್ದು ಹೇಳಿ ಎಂದು ಬರೆದುಬಿಟ್ಟೆ, ಅದು ಬೇಡ. ನಿಮಗೆ ಏನು ಸರಿ ಕಾಣುತ್ತದೆಂದು ನನಗೆ ಗೊತ್ತು. ನಿಮ್ಮ ಅಪ್ಪನಂತೆಯೇ ನೀವೂ ನನ್ನನ್ನು ಹಿಂದಕ್ಕೆ ಸರಿಸಿ ನಾನೇ ಮಾಡಿದ್ದು ಎನ್ನುತ್ತೀರಿ, ನೌಕರಿ ಹೋದರೂ ಎನ್ನುತ್ತೀರಿ. ಹಾಗೆ ಮಾಡಬೇಡಿ. ನಿಮ್ಮ ಗಂಡನಿಗೆ ಇದು ಬರುತ್ತದೆಯೇ ಎಂದು ಆಫೀಸಿನವರು ಕೇಳಿದಾಗ, ಬರುವುದಿಲ್ಲ, ಅವರು ಫ್ಯೂಸ್ ಹಾಕಲೂ ನನ್ನನ್ನೇ ಕರೆಯುತ್ತಾರೆ ಎಂದಿದ್ದೇನೆ. ಅದೂ ಬರಹದಲ್ಲಿದೆ, ಬೇಸರಪಟ್ಟುಕೊಳ್ಳಬೇಡಿ. “ನನಗೆ ಗೊತ್ತಿರಲಿಲ್ಲ, ಇದನ್ನು ಮಾಡಿದವಳು ನನ್ನ ಹೆಂಡತಿ” ಎಂದಷ್ಟೇ ಹೇಳಿ. ಹೇಳುವಾಗ ದನಿ ತಗ್ಗಿಸಬೇಡಿ.