ಹೆಂಡತಿ, ಗೆಳೆಯ ಮತ್ತು ಒಂದೇ ಒಂದು ಮತ

ಡಿಸೆಂಬರ್ ೧೭, ಸಂಜೆ

ಚುನಾವಣಾ ನೀತಿಸಂಹಿತೆ ಉಲ್ಲಂಘಿಸಿದ್ದೇನೆ. ಗಂಭೀರವಾಗಿ ಒಪ್ಪಿಕೊಳ್ಳುತ್ತೇನೆ — ಎದುರಾಳಿಯ ಮನೆಯಲ್ಲಿ ಮಿರ್ಚಿ ತಿಂದೆ. ಬಿಸಿಬಿಸಿ. ಚಟ್ನಿ ಸಮೇತ. ಎದುರಾಳಿ ಎಂದರೆ ನಜೀರಸಾಬ, ನನ್ನ ಚಡ್ಡಿ ದೋಸ್ತ. ಯಾರಿಗೆ ಎದುರಾಳಿ? ನನ್ನ ಹೆಂಡತಿ ಅನ್ನಪೂರ್ಣಳಿಗೆ. ಶಿಗ್ಲಿ ಪಂಚಾಯಿತಿ, ನಮ್ಮ ವಾರ್ಡು, ಒಂದೇ ಸೀಟು.

ಮನೆ ಹೊಕ್ಕೊಡನೆ ವಿಚಾರಣೆ.

“ಬಾಯಾಗ ಮಿರ್ಚಿ ವಾಸನಿ ಬರಾಕತ್ತೈತಿ. ನಜೀರಣ್ಣನ ಮನ್ಯಾಗೇನ್ರಿ?”

“ಪ್ರಜಾಪ್ರಭುತ್ವದಾಗ ತಿನ್ನೂ ಸ್ವಾತಂತ್ರ್ಯ…”

“ತಿನ್ರಿ. ವೋಟು ಮಾತ್ರ ಇಲ್ಲೇ ಬೀಳಬೇಕು. ನಳದ ಮುಂದ ನಿಂತು ನಿಂತು ಸಾಕಾಗಿ ಎಲೆಕ್ಷನ್ನಿಗೇ ನಿಂತೇನಿ ನಾ.”

ಡಿಸೆಂಬರ್ ೨೦

ಓಣಿಯ ಹೆಂಗಸರಿಗೆ ಕಟ್ಟೆಯ ಮೇಲೆ ಪಾಠ. ‘ಒಬ್ಬರಿಗೇ ಠಸೆ ಒತ್ತಬೇಕು, ಎರಡು ಒತ್ತಿದರೆ ಮತ ಹಾಳು.’ ‘ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿ ಪ್ರಜಾಪ್ರಭುತ್ವ’ — ಕಾಲೇಜಿನಲ್ಲಿ ಅದನ್ನೇ ಕಲಿಸಿ ರಿಟೈರ್ ಆದವನು ನಾನು. ನನ್ನ ಮತಕ್ಕೆ ಮಿದುಳೇ ಯಜಮಾನ, ಹೊಟ್ಟೆಯಲ್ಲ, ಹೃದಯವೂ ಅಲ್ಲ ಎಂದು ಸಾರಿದೆ. ಚಪ್ಪಾಳೆ ಬಿತ್ತು.

ಡಿಸೆಂಬರ್ ೨೨

ಮತದಾನ. ರಟ್ಟಿನ ಮರೆಯಲ್ಲಿ ತುಸು ಹೊತ್ತಾಯಿತು. “ಸರ್, ನಿಬಂಧ ಬರ್ಯಾಕತ್ತೀರೇನ್ರಿ?” ಎಂದ ಬೂತಿನವನು.

ಮನೆಯಲ್ಲಿ ಹೆಂಡತಿ ಹೋಳಿಗೆ ಬಡಿಸಿದಳು.

ಡಿಸೆಂಬರ್ ೩೦, ಸಂಜೆ

ಇಬ್ಬರಿಗೂ ಸಮ ಮತ. ತಿರಸ್ಕೃತ ಒಂದೇ ಒಂದು. ಚೀಟಿ ಎತ್ತಿದರು. ನಜೀರ ಗೆದ್ದ.

ಪೇಢೆ ಹಿಡಿದು ಬಂದವನು ಬಾಗಿಲಲ್ಲೇ ನಿಂತ. “ಅಕ್ಕಾ… ಸಿಟ್ಟೇನ?”

“ಒಳಗ ಬರ್ರಿ ನಜೀರಣ್ಣ. ಆದ್ರ ಯುಗಾದಿ ಒಳಗ ನೀರು ಬರ್ಲಿಲ್ಲಂದ್ರ ಓಣಿ ಮಂದಿ ಎಲ್ಲಾ ಕೊಡ ತಗೊಂಡು ನಿಮ್ಮ ಅಂಗಳದಾಗ ಕುಂಡ್ರತೀವಿ.”

“ನಾನೂ ಒಂದು ಕೊಡ ತರ್ತೀನಿ ಬಿಡು” ಎಂದ ಅವನು.

ಇಬ್ಬರೂ ನಕ್ಕರು. ಇವಳ ನಗು ಅರ್ಧಕ್ಕೇ ನಿಂತಿತು. ಸೆರಗಿನಿಂದ ಕಣ್ಣೊರೆಸಿಕೊಂಡು ಚಹಾ ಸೋಸಿದಳು. ಆಮೇಲೆ ಇಬ್ಬರೂ ಸೇರಿ ಆ ಹಾಳು ಮತದವನಿಗೆ ಬೈಗುಳ ಶುರು ಮಾಡಿದರು.

“ಎರಡೂ ಠಸೆ ಎಷ್ಟು ನೆಟ್ಟಗ ಒತ್ತ್ಯಾನ, ಮಂಗ್ಯಾ!” ಎಂದ ನಜೀರ.

“ಇವರ ಪಾಠ ಕೇಳಿದ್ರ ಹಂಗ ಒತ್ತತಿದ್ನೇನು?” ಎಂದಳು ಇವಳು.

ಮತದಾರರ ಶಿಕ್ಷಣ ಇನ್ನೂ ಆಗಬೇಕು ಎಂದೆ ನಾನು. ಇನ್ನೊಂದು ಪೇಢೆ ಬಾಯಿಗೆ ಹಾಕಿಕೊಂಡೆ.

ಮೊದಲು ಇವಳ ಹೊಲಿಗೆಯಂತ್ರದ ಗುರುತಿಗೇ ಒತ್ತಿದೆ. ಖರೆ. ಕೈ ಹಿಂತೆಗೆಯುವಷ್ಟರಲ್ಲಿ ಕೆಳಗೆ ಅವನ ಆಟೋ… ಪಾಪ, ಒಂಟಿಯಾಗಿ ನನ್ನನ್ನೇ ನೋಡಿದ ಹಾಗಿತ್ತು. ಹೋಗಲಿ, ಅದಕ್ಕೂ ಒಂದು—