ನೋಡೋಣ ಅಂದವರು

ಮನೆಯಿಂದ,
ನವೆಂಬರ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಕಾಲುವೆಯಾಚೆಯ ವಾರ್ಡು ಬೇರೆಯಾಗಿಯೇ ಉಳಿಯಲಿ ಎಂದು ಚೀಟಿ ಸಭೆಯ ಇಪ್ಪತ್ತನಾಲ್ಕು ಮಂದಿಯಲ್ಲಿ ಹದಿನೇಳು ಮಂದಿ ನಿನ್ನೆ ಸಂಜೆ ಮತ ಹಾಕಿದರು. ಕೊನೆಯ ಸುತ್ತಿಗೆ ಪ್ರೇಕ್ಷಕರನ್ನು ಹೊರಗೆ ಕಳಿಸಿದ್ದರಿಂದ ನಾನು ಮನೆಗೆ ಬಂದು ಅನ್ನಕ್ಕಿಟ್ಟಿದ್ದೆ. ಸುದ್ದಿ ತಂದವಳು ನಿನ್ನಮ್ಮ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಹೇಳಿದಳು, ಹೇಳಿ ಅಡುಗೆಮನೆಗೆ ಹೋಗಿ ಅನ್ನಕ್ಕೆ ನೀರು ಹೆಚ್ಚಾಗಿದೆ ಎಂದಳು. ಎರಡನ್ನೂ ಒಂದೇ ದನಿಯಲ್ಲಿ.

ಕ್ಷೇಮ ವಿಚಾರಿಸಿದ ಮೇಲೆ ಸುದ್ದಿ ಎನ್ನುವುದು ಪತ್ರದ ರೂಢಿ. ಮೂವತ್ತು ವರ್ಷ ಪತ್ರಿಕೆಗೆ ದುಡಿದವನಿಗೆ ಸುದ್ದಿಯನ್ನು ಎರಡನೇ ಪ್ಯಾರಾಕ್ಕೆ ತಳ್ಳಲು ಕೈ ಬಾರದು, ಕ್ಷಮಿಸು. ಈಗ ಕೇಳುತ್ತೇನೆ: ಕುತ್ತಿಗೆ ನೋವು ಹೇಗಿದೆ? ಕಂಪ್ಯೂಟರನ್ನು ಕಣ್ಣಿನ ಮಟ್ಟಕ್ಕೆ ಎತ್ತರಿಸಿಕೊಂಡೆಯಾ, ಇಲ್ಲ ಇನ್ನೂ ಬಾತುಕೋಳಿಯ ಹಾಗೆ ಬಗ್ಗಿ ಕೂರುತ್ತೀಯಾ? ರಾತ್ರಿ ಊಟ ಬಿಡುತ್ತೀಯಂತೆ. ಬೇಹುಗಾರರು ನಮಗೂ ಇದ್ದಾರೆ. ನಮ್ಮಿಬ್ಬರ ಆರೋಗ್ಯ ಸರಿಯಾಗಿದೆ. ನನ್ನ ಮೊಣಕಾಲು ಮೆಟ್ಟಿಲು ಕಂಡಾಗ ಮಾತ್ರ ತಕರಾರು ತೆಗೆಯುತ್ತದೆ. ಇಷ್ಟನ್ನೂ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನು ಅಮ್ಮನ ಕೈಯಲ್ಲಿರುತ್ತದೆ, ನನ್ನ ಪಾಲಿಗೆ ಬರುವುದು ಕೊನೆಯ ‘ಸರಿ, ಇಡ್ಲಾ’ ಒಂದೇ. ನಿನ್ನ ಗೆಳತಿ, ಸಭೆ ನಡೆಸಿಕೊಟ್ಟವಳು, ನಾಳೆ ಬೆಳಿಗ್ಗೆ ಅಲ್ಲಿಗೆ ಹೊರಡುತ್ತಾಳೆ. ಅವಳ ಕೈಯಲ್ಲಿ ಇದನ್ನು ಕಳಿಸುತ್ತೇನೆ. ಅಂಕಿಸಂಖ್ಯೆಯ ವರದಿಯನ್ನು ಅವಳು ಕೊಡುತ್ತಾಳೆ. ಅದರಲ್ಲಿ ಬಾರದ್ದನ್ನು ನಾನು ಬರೆಯುತ್ತೇನೆ.

ಹಿನ್ನೆಲೆ ಇಲ್ಲದ ಸುದ್ದಿಯನ್ನು ನಮ್ಮ ಸಂಪಾದಕರು ಮುಖಕ್ಕೇ ಎಸೆಯುತ್ತಿದ್ದರು, ಹಾಗಾಗಿ ನಿನಗೆ ಗೊತ್ತಿರುವುದನ್ನೇ ನಿನಗೆ ಎರಡು ಸಾಲು ಹೇಳುತ್ತೇನೆ, ಸಹಿಸಿಕೊ. ಕಾಲುವೆಯ ಈಚೆ ನಾವು ಹತ್ತೂವರೆ ಸಾವಿರ ಮತದಾರರು, ನಗರಸಭೆಯಲ್ಲಿ ನಮಗೊಬ್ಬ ಸದಸ್ಯ. ಆಚೆ ಮೂರೂವರೆ ಸಾವಿರ, ಅವರಿಗೂ ಒಬ್ಬ ಸದಸ್ಯೆ. ಎರಡನ್ನೂ ಕೂಡಿಸಿ ಒಂದೇ ವಾರ್ಡು ಮಾಡಬೇಕೆಂದು ಗಡಿ ಆಯೋಗದ ಕರಡು ಹೇಳುತ್ತದೆ. ಅದಕ್ಕೆ ಅವರು ಆಧಾರವಾಗಿ ಹಿಡಿದದ್ದು ನಿನ್ನ ಸಮೀಕ್ಷೆಯನ್ನು. ವಿಲೀನದ ಬಗ್ಗೆ ಆಚೆಯವರನ್ನು ಕೇಳಿದಾಗ ನೂರಕ್ಕೆ ನಲವತ್ತು ಮಂದಿ ‘ಅಭಿಪ್ರಾಯ ಇಲ್ಲ’ ಎಂಬ ಖಾನೆಯಲ್ಲಿದ್ದರು. ಅಭಿಪ್ರಾಯವೇ ಇಲ್ಲದವರಿಗೆ ಬೇರೆ ಪ್ರತಿನಿಧಿ ಯಾಕೆ ಎಂದು ಆಯೋಗ ಕೇಳುತ್ತದೆ. ನಿನ್ನ ಅಂಕಿಯನ್ನು ಕತ್ತರಿಯಂತೆ ಬಳಸಿದರು ಎಂದು ನೀನು ಎರಡು ತಿಂಗಳಿಂದ ನಿದ್ದೆಗೆಟ್ಟದ್ದು ನಮಗೆ ಗೊತ್ತು. ಮತದಾರರ ಪಟ್ಟಿಯಿಂದ ಚೀಟಿ ಎತ್ತಿ ಇಪ್ಪತ್ತನಾಲ್ಕು ಜನರನ್ನು ಕೂರಿಸಿ, ಅವರೇ ಕೇಳಿ, ವಾದಿಸಿ ಏನು ಹೇಳುತ್ತಾರೋ ನೋಡೋಣ ಎಂದು ನಿಮ್ಮ ಸಂಸ್ಥೆ ಹೊರಟದ್ದು ಆ ಮೇಲೆ. ಸಮೀಕ್ಷೆ ಮಾಡಿದವರು ಸಭೆಯ ಹತ್ತಿರ ಸುಳಿಯಬಾರದೆಂಬ ನಿಯಮದಿಂದ ನೀನು ಅಲ್ಲೇ ಉಳಿದೆ. ನಿಮ್ಮ ಸಂಸ್ಥೆ ಇಟ್ಟ ಉದ್ದನೆಯ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ. ಗ್ರಂಥಾಲಯದ ಕೆಳಗಿನ ಟೀ ಅಂಗಡಿಯವನು ‘ಚೀಟಿ ಸಭೆ’ ಎಂದ, ಅದೇ ನಿಂತಿತು.

ಆ ಸಭೆಗೆ ಕರೆಯುವ ಕಾರ್ಡು ಬಂದದ್ದು ನಿನ್ನಮ್ಮನ ಹೆಸರಿಗೆ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾದೀತು. ನಗರಸಭೆಯ ಪತ್ರಕರ್ತರ ಬೆಂಚಿನಲ್ಲಿ ಪ್ಯಾಂಟು ಸವೆಸಿದವನು ನಾನು, ಅದೃಷ್ಟ ಹೊಡೆದದ್ದು ಪತ್ರಿಕೆಯಲ್ಲಿ ಪದಬಂಧ ಬಿಟ್ಟು ಬೇರೇನೂ ಓದದವಳಿಗೆ. ಹೋಗ್ತೀಯಾ ಎಂದು ಕೇಳಿದೆ. “ನೋಡೋಣ” ಎಂದಳು. ಅವಳ ಆ ಒಂದು ಪದದ ಅರ್ಥ ತಿಳಿಯಲು ನನಗೆ ಅರ್ಧ ಆಯುಷ್ಯ ಹಿಡಿದಿದೆ. ಹೆಣ್ಣು ನೋಡಲು ನಾನು ಹೋದಾಗಲೂ ಇದನ್ನೇ ಅಂದು, ಮರುವಾರ ತನ್ನ ಅಣ್ಣನ ಜೊತೆ ನಮ್ಮ ಕಚೇರಿಗೆ ಬಂದು, ನಾನು ಅಚ್ಚಿನ ಮೊಳೆ ಜೋಡಿಸುವವರ ಜೊತೆ ಹೇಗೆ ಮಾತಾಡುತ್ತೇನೆಂದು ಮರೆಯಲ್ಲಿ ನಿಂತು ಕೇಳಿ ಹೋದವಳು. ನೀನು ರಾಜ್ಯಶಾಸ್ತ್ರ ಓದುತ್ತೇನೆಂದು ಹಟ ಹಿಡಿದಾಗ, ಅದನ್ನು ಓದಿ ಯಾರ ಮನೆ ಉದ್ಧಾರ ಎಂದು ನಾನು ಉಪದೇಶ ಮಾಡುತ್ತಿದ್ದೆ. ಅವಳು ನೋಡೋಣ ಎಂದು ಬಸ್ಸು ಹತ್ತಿ ಹೋಗಿ, ನಿನ್ನ ಹಾಸ್ಟೆಲಿನ ಬಚ್ಚಲಿನ ಚಿಲಕ ಸಮೇತ ಎಳೆದು ನೋಡಿ ಬಂದು ‘ಹೋಗ್ಲಿ’ ಎಂದಳು. ಅಲ್ಲಿಗೆ ಮುಗಿಯಿತು.

ಮೊದಲ ಸಭೆ ಹಿಂದಿನ ವಾರದ ಶನಿವಾರ ಗ್ರಂಥಾಲಯದ ಮಹಡಿಯಲ್ಲಿ ನಡೆಯಿತು. ಕುರ್ಚಿಗಳನ್ನು ದುಂಡಗೆ ಹಾಕಿದ್ದರು, ಜನ ಮಾತ್ರ ಕಾಲುವೆ ಒಳಗೂ ಹರಿಯುತ್ತಿದೆ ಎಂಬಂತೆ ಎರಡು ಕಡೆ ಕೂತರು. ಮತದಾರರ ಪ್ರಮಾಣಕ್ಕೆ ತಕ್ಕಂತೆ ನಮ್ಮವರು ಹದಿನೆಂಟು, ಅವರು ಆರು. ನಮ್ಮ ಕಡೆಯಿಂದ ಮೊದಲು ಮಾತಾಡಿದವರು ಔಷಧಿ ಅಂಗಡಿಯವರು. ಒಳ್ಳೆಯ ಮಾತುಗಾರರು, ತೂಕದ ಮನುಷ್ಯ. ಆಚೆಯ ಒಂದು ಓಟು ಈಚೆಯ ಮೂರು ಓಟಿಗೆ ಸಮವಾಗಿದೆ, ಔಷಧಿಯಲ್ಲಿ ಅಷ್ಟು ವ್ಯತ್ಯಾಸವಾದರೆ ರೋಗಿ ಬದುಕುವುದಿಲ್ಲ, ಪ್ರಜಾಪ್ರಭುತ್ವ ಹೇಗೆ ಬದುಕೀತು ಎಂದು ಕೇಳಿದರು. ಪ್ರೇಕ್ಷಕರ ಕುರ್ಚಿಯಲ್ಲಿ ನಾನು ತಲೆದೂಗಿದೆ. ನಾನು ಬರೆದಿದ್ದರೂ ಹಾಗೇ ಬರೆಯುತ್ತಿದ್ದೆ. ಈಗಲೂ ಆ ವಾದದಲ್ಲಿ ತಪ್ಪು ಹುಡುಕಲಾರೆ.

ಆಮೇಲೆ ನಿನ್ನ ಗೆಳತಿ ಗೋಡೆಯ ಮೇಲೆ ನಿನ್ನ ಸಮೀಕ್ಷೆಯ ಕಂಬನಕ್ಷೆ ತೋರಿಸಿದಳು. ನಲವತ್ತರ ಕಂಬ ಬೂದು ಬಣ್ಣದಲ್ಲಿತ್ತು. ಆಚೆಯವರಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವವರೊಬ್ಬರು ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಅವರು ಕಿಸಕ್ಕನೆ ನಕ್ಕರು. ಏನೆಂದು ಕೇಳಿದ್ದಕ್ಕೆ, “ಆ ಕಂಬದೊಳಗೆ ನಾನೂ ಇದೀನಿ ಅನ್ಸುತ್ತೆ. ಮನೆಗೆ ಬಂದು ಕೇಳಿದ್ರು, ವಾರ್ಡು ಕೂಡಿಸ್ಬಹುದಾ ಅಂತ. ನೋಡೋಣ ಅಂದೆ. ಹುಡುಗಿ ಬರ್ಕೊಂಡು ಹೋದ್ಲು” ಎಂದರು. ಅವರ ಪಕ್ಕದ ಹೆಂಗಸು ತಾನೂ ಹಾಗೇ ಅಂದದ್ದು ಎಂದಳು. ಇನ್ನೊಬ್ಬರು ಕೈ ಎತ್ತಿದರು. ಆರರಲ್ಲಿ ನಾಲ್ವರನ್ನು ನಿಮ್ಮವರು ಕೇಳಿದ್ದರಂತೆ, ನಾಲ್ವರದೂ ಅದೇ ಉತ್ತರ. ಹಾಗಂದರೆ ಏನು ಎಂದು ಗೆಳತಿ ಕೇಳಿದಳು ನೋಡು, ಪುಟ್ಟೀ, ಸಭೆಗೆ ಜೀವ ಬಂದದ್ದು ಆಗ. ಹೆಂಗಸಿಗೆ ಅದು ಬೇಡ ಎನ್ನುವುದರ ಮರ್ಯಾದೆಯ ರೂಪ, ಮನೆ ಬಾಗಿಲಿಗೆ ಬಂದವರ ಮುಖಕ್ಕೆ ಬೇಡ ಅನ್ನೋಕಾಗುತ್ತಾ ಎಂದಳು. ಮತ್ತೊಬ್ಬರು, ಒಬ್ಬನೇ ಹೇಳೋದಲ್ಲ, ಬೀದಿಯವರ ಜೊತೆ ಕೂತು ಹೇಳಬೇಕು ಅಂತ ಎಂದರು. ನಮ್ಮ ಕಡೆಯ ಬಸ್ ಕಂಡಕ್ಟರ್, “ನಮ್ಮನೇಲಿ ನೋಡೋಣ ಅಂದ್ರೆ ಸಂಬಳ ಆಗೋವರೆಗೆ ಬಾಯಿ ಮುಚ್ಕೊಂಡಿರು ಅಂತ” ಎಂದದ್ದಕ್ಕೆ ಎರಡೂ ಕಡೆಯವರು ಒಟ್ಟಿಗೆ ನಕ್ಕರು. ಆ ದಿನ ಒಟ್ಟಿಗೆ ನಕ್ಕದ್ದು ಅದೇ ಮೊದಲು. ಆಗ ನಿನ್ನಮ್ಮ ಹೇಳಿದಳು: “ನನ್ನನ್ನೂ ಕೇಳಿದ್ರು, ನಾನೂ ನೋಡೋಣ ಅಂದೆ. ನೋಡಿಲ್ವಲ್ಲ, ಅದಕ್ಕೆ. ಇಷ್ಟು ವರ್ಷ ಇಲ್ಲಿದೀನಿ, ಸೇತುವೆ ದಾಟಿ ಒಂದ್ಸಲ ಆಚೆ ಹೋಗಿಲ್ಲ. ಹೋಗಿ ನೋಡೋಣ್ವಾ?”

ಕಾರ್ಯಕ್ರಮದ ಪಟ್ಟಿಯಲ್ಲಿ ಹಾಗೊಂದು ಇರಲಿಲ್ಲ. ನಿನ್ನ ಗೆಳತಿ ಅರೆಗಳಿಗೆ ಪೆಚ್ಚಾಗಿ, ಆಮೇಲೆ ಒಪ್ಪಿದಳು. ಮರುದಿನ ಭಾನುವಾರ ಬೆಳಿಗ್ಗೆ ಇಪ್ಪತ್ತನಾಲ್ಕು ಜನ, ಹಿಂದೆ ಬಾಲದಂತೆ ನಾನು, ಕಾಲ್ಸೇತುವೆ ದಾಟಿದೆವು. ರಿಪೇರಿಯವರ ಅಂಗಡಿ ಬಗ್ಗಿ ಹೋಗುವಂಥದ್ದು. ಒಳಗೆ ಹೊಲಿಗೆ ಯಂತ್ರಗಳನ್ನೆಲ್ಲ ಅಟ್ಟದ ಮೇಲೆ ಸಾಲಾಗಿ ಇಟ್ಟಿದ್ದರು, ನೆಲ ಪೂರಾ ಖಾಲಿ. ಜಾಗ ಹೀಗೇಕೆ ದಂಡ ಮಾಡಿದ್ದೀರಿ ಎಂದು ಕಂಡಕ್ಟರ್ ಕೇಳಿದ್ದಕ್ಕೆ ಅವರು ಗೋಡೆ ತೋರಿಸಿದರು. ಸೊಂಟದ ಎತ್ತರದಲ್ಲಿ ಕಂದು ಗೆರೆ, ಅದರ ಕೆಳಗೆ ಹಳೆಯ ವರ್ಷಗಳ ಇನ್ನಷ್ಟು ಗೆರೆಗಳು. ಕಾಲುವೆ ಉಕ್ಕಿದರೆ ನೀರು ಮೊದಲು ನುಗ್ಗುವುದು ಅಲ್ಲಿಗೆ. ಹೊರಹಾಕಲು ಒಂದು ಪಂಪಿದೆ, ಪಂಪಿನ ಮನೆಯ ಬೀಗದ ಕೈ ಆ ವಾರ್ಡಿನ ಸದಸ್ಯೆಯ ಹತ್ತಿರ ಇರುತ್ತದೆ. ಬೀದಿಯವರು ಅವಳನ್ನು ಕರೆಯುವುದೇ ‘ಬೀಗದಕ್ಕ’ ಎಂದು. ಪಂಪು ಎತ್ತಿದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತಾ ಪೈಪಿನ ಗುಂಟ ನಡೆದೆವು. ಅದು ಕಾಲುವೆಯ ಕೆಳಗೆ ಹಾದು ನಮ್ಮ ಬೀದಿಯ ಚರಂಡಿಗೆ ಬರುತ್ತದೆ, ಔಷಧಿ ಅಂಗಡಿಯ ಎದುರಿಗೇ. ಪ್ರತಿ ವರ್ಷ ಆ ಚರಂಡಿ ತುಂಬಿ ಹರಿಯುವುದೇಕೆಂದು ನಾನು ಎಷ್ಟು ಸಲ ಸುದ್ದಿ ಬರೆದಿದ್ದೇನೋ! ಸೇತುವೆ ದಾಟಿ ನೋಡಿದ್ದರೆ ಒಂದೇ ಸುದ್ದಿ ಸಾಕಿತ್ತು.

ನಿನ್ನೆ ಬೆಳಿಗ್ಗೆ ಮತ್ತೆ ಕೂತಾಗ ಕುರ್ಚಿಗಳು ಬೆರೆತಿದ್ದವು. ಯಾರೂ ಹೇಳಿರಲಿಲ್ಲ. ಅಮ್ಮ ಔಷಧಿ ಅಂಗಡಿಯವರನ್ನು ಕೇಳಿದಳು, ನಿಮ್ಮಲ್ಲಿ ನೀರು ಎಲ್ಲಿವರೆಗೆ ಬರುತ್ತೆ ಅಂತ. ಮೆಟ್ಟಿಲವರೆಗೆ ಎಂದರು. ರಿಪೇರಿಯವರ ಅಂಗಡೀಲಿ? ಸೊಂಟದವರೆಗೆ ಎಂದರು. ನಾನು ಕಂಡ ಸಭೆಗಳಲ್ಲಾಗಿದ್ದರೆ ಇಲ್ಲಿ ಒಬ್ಬರು ಗೆದ್ದು ಇನ್ನೊಬ್ಬರು ಎದ್ದು ಹೊರನಡೆಯುತ್ತಿದ್ದರು. ಅವರು ಏಳಲಿಲ್ಲ. “ಪಂಪು ಬೇರೆ, ಓಟು ಬೇರೆ. ನೀರು ಬಂದ್ರೆ ಪಂಪು ಹಾಕ್ಲೇಬೇಕು ಅಂತ ನಗರಸಭೆ ನಿಯಮದಲ್ಲೇ ಬರೆಸೋಣ, ನಾನೇ ಮುಂದೆ ನಿಲ್ತೀನಿ. ಓಟು ಸಮ ಇರ್ಲಿ” ಎಂದರು. ಒಳ್ಳೆಯ ಮಾತು ಅನ್ನಿಸಿತು. ಎಲ್ಲರೂ ರಿಪೇರಿಯವರ ಕಡೆ ತಿರುಗಿದರು. ಅವರು ಬೆರಳಿನ ಎಣ್ಣೆಗಪ್ಪು ಉಜ್ಜಿಕೊಳ್ಳುತ್ತಾ, “ಬರೆಸಿ ಸರ್, ಒಳ್ಳೇದೇ. ಆದ್ರೆ ನೀರು ಬಂದಾಗ ಬೀಗ ತೆಗೆಯೋರು ಯಾರೋ ಒಬ್ರು ಬೇಕಲ್ಲ. ಅವರು ನಮ್ಮ ಓಟಿಗೆ ಹೆದರೋರು ಆಗಿರ್ಬೇಕಲ್ಲ” ಎಂದರು.

ನೀನು ವರ್ಷಗಟ್ಟಲೆ ಓದುವ ಎರಡು ನ್ಯಾಯಗಳು, ಎಲ್ಲರ ಓಟಿಗೂ ಒಂದೇ ತೂಕ ಎನ್ನುವುದು ಮತ್ತು ದನಿ ಚಿಕ್ಕದಾದವರಿಗೂ ತಮ್ಮವರೊಬ್ಬರು ಇರಬೇಕೆನ್ನುವುದು, ನನ್ನ ಕಣ್ಣೆದುರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದವು. ನಾನು ಪೆನ್ನು ಮುಚ್ಚಿಟ್ಟೆ. ಕೆಲಸದಲ್ಲಿದ್ದಾಗ ಹಾಗೆ ಮಾಡಿದವನಲ್ಲ. ನಗರಸಭೆಯಲ್ಲಿ ವಿಷಯ ಓದಿ ಮುಗಿಸುವ ಮೊದಲೇ ಕೈಗಳು ಮೇಲೇಳುವುದನ್ನು ಕಂಡಿದ್ದೇನೆ. ಒಬ್ಬನ ಮಾತು ಕೇಳಿ ಇನ್ನೊಬ್ಬನ ಮುಖ ನಿಧಾನಕ್ಕೆ ಬದಲಾಗುವುದನ್ನು ಸಭೆಯೊಂದರಲ್ಲಿ ಕಂಡದ್ದು ಇದೇ ಮೊದಲು. ಈಗ ಆ ಹದಿನೇಳನ್ನು ಇನ್ನೊಮ್ಮೆ ನೋಡು. ಆಚೆಯವರು ಆರೇ ಮಂದಿ. ಉಳಿದ ಹನ್ನೊಂದು ಓಟು, ಕಡಿಮೆಯೆಂದರೂ, ನಮ್ಮ ಕಡೆಯವರದು. ತಮ್ಮ ಓಟಿನ ತೂಕ ಕಡಿಮೆಯೇ ಉಳಿಯಲಿ, ತಮ್ಮ ಚರಂಡಿ ತುಂಬಿಯೇ ಹರಿಯಲಿ ಎಂದು, ಹಿಂದಿನ ವಾರದವರೆಗೆ ಹೆಸರೂ ಗೊತ್ತಿಲ್ಲದವರಿಗಾಗಿ ಹಾಕಿದ ಓಟು. ಯಾರೂ ಅವರಿಗೆ ಹಾಗೆ ಮಾಡಿ ಎಂದು ಹೇಳಿರಲಿಲ್ಲ. ರಾತ್ರಿ ಊಟದ ತಟ್ಟೆ ಮುಂದಿಟ್ಟುಕೊಂಡು ಇದನ್ನೇ ಲೆಕ್ಕ ಹಾಕುತ್ತಾ ಕೂತಿದ್ದೆ. ಅನ್ನ ಮುದ್ದೆಯಾಗಿದೆ ಅಂತ ಹೀಗೆ ಕೂತಿದ್ದೀರಾ ಎಂದು ನಿನ್ನಮ್ಮ ಕೇಳಿದಳು.

ಔಷಧಿ ಅಂಗಡಿಯವರು ಏಳು ಮಂದಿಯ ಕಡೆಯೇ ಉಳಿದರಂತೆ, ಅದನ್ನು ಮುಚ್ಚಿಡಲೂ ಇಲ್ಲ. ಇಳಿದು ಬರುವಾಗ ಮೆಟ್ಟಿಲ ಮೇಲೆ ರಿಪೇರಿಯವರ ಹೆಗಲ ಮೇಲೆ ಕೈಯಿಟ್ಟು, “ಸೋತೆ, ಆದ್ರೆ ನನ್ ಮಾತು ಪೂರ್ತಿ ಕೇಳಿಸ್ಕೊಂಡ್ರಿ. ಅಂಗಡೀಲಿ ಡಾಕ್ಟರ ಚೀಟಿ ಕೊಟ್ಟೋರು ಕೂಡ ಅಷ್ಟು ಕೇಳಲ್ಲ” ಎಂದರಂತೆ. ಅಮ್ಮ ಯಾವ ಕಡೆ ಎಂದು ಮಾತ್ರ ಕೇಳಬೇಡ. ಗುಪ್ತ ಮತದಾನ ಎನ್ನುತ್ತಾಳೆ. ಮಂತ್ರಿಗಳ ಬಾಯಿ ಬಿಡಿಸಿದವನು ನಾನು, ನನ್ನ ಅಡುಗೆಮನೆಯಲ್ಲಿ ನನಗೆ ಸುದ್ದಿಮೂಲವಿಲ್ಲ.

ಒಂದು ಸಲ ಯಾರ ಮನೆ ಉದ್ಧಾರ ಎಂದು ಕೇಳಿದ್ದೆನಲ್ಲ, ಉತ್ತರ ಸಿಕ್ಕಿತು. ಹೊತ್ತಿಗೆ ಸರಿಯಾಗಿ ಊಟ ಮಾಡು, ಕುತ್ತಿಗೆ ನೆಟ್ಟಗಿಟ್ಟು ಕೂರು. ನಿನ್ನ ಕೋಣೆಯ ಜೊತೆಗಾತಿಗೆ ನಮ್ಮ ನೆನಪು ಹೇಳು. ನಿನ್ನ ಕೆಲಸಕ್ಕೆ ಒಳ್ಳೆಯದಾಗಲಿ ಎಂದು ಹಾರೈಸುವ,

ನಿನ್ನ ಅಪ್ಪ

ಮರೆತಿದ್ದೆ: ಲಕೋಟೆ ಅಂಟಿಸುವಾಗ ಅಮ್ಮ ತಡೆದು ಇದನ್ನು ಬರೆಯಲು ಹೇಳಿದಳು. ನಿನ್ನ ಗೆಳತಿ ಸಮೀಕ್ಷೆಗೆ ಮನೆಮನೆ ತಿರುಗಿದ ಇಬ್ಬರನ್ನೂ ಕೇಳಿದ್ದಾಳೆ. ನೋಡೋಣ ಅಂದವರಿಗೆ ಖಾನೆಯೇ ಇರಲಿಲ್ಲ, ಅವರನ್ನೆಲ್ಲ ‘ಅಭಿಪ್ರಾಯ ಇಲ್ಲ’ದಲ್ಲಿ ಹಾಕಿದೆವು ಎಂದರಂತೆ. ಹದಿನೇಳು ಜನರ ನಿರ್ಣಯವನ್ನು ಆಯೋಗ ಪಕ್ಕಕ್ಕಿಡಬಹುದು, ನಲವತ್ತರ ಅಂಕಿ ಹಾಗೇ ನಿಂತಿದ್ದರೆ ಇಟ್ಟೇ ಇಡುತ್ತದೆ. ಆ ಅಂಕಿಯನ್ನು ವಾಪಸು ಪಡೆಯುವ ಅಧಿಕಾರ ಇರುವುದು ನಿನಗೊಬ್ಬಳಿಗೆ. ಪಡೆದರೆ ಅದರ ಮೇಲೆ ನಿಂತಿರುವ ನಿನ್ನ ಪಿಎಚ್.ಡಿ. ಪ್ರಬಂಧದ ಮೂರನೇ ಅಧ್ಯಾಯ ಬಿದ್ದುಹೋಗುತ್ತದೆ ಎಂದು ಗೆಳತಿ ಹೇಳಿದಳು, ಅದು ನಮಗೆ ಗೊತ್ತಿದೆ. ನೀನು ಏನಂತೀಯೋ ಎಂದು ಅಮ್ಮನನ್ನು ಕೇಳಿದೆ. “ನೋಡೋಣ ಅಂತಾಳೆ” ಎಂದಳು. ಹದಿನೇಳು ಮಂದಿಯ ಪರವಾಗಿ ಅವಳು ಮತ್ತು ರಿಪೇರಿಯವರು, ಏಳು ಮಂದಿಯ ಪರವಾಗಿ ಔಷಧಿ ಅಂಗಡಿಯವರು ಮಂಗಳವಾರ ಸಂಜೆಯ ಬಸ್ಸಿಗೆ ನೀನಿರುವ ಊರಿಗೇ ಹೊರಡುತ್ತಾರೆ. ಆಯೋಗದ ವಿಚಾರಣೆ ಅಲ್ಲಿ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ. ಅಂಕಿಗಳಿಗೆ ತಿದ್ದುಪಡಿ ಇದ್ದರೆ ಹತ್ತು ಗಂಟೆಯೊಳಗೆ ಕಾರ್ಯದರ್ಶಿಗೆ ಬರವಣಿಗೆಯಲ್ಲಿ ಕೊಡಬೇಕು.