ಕ್ವೆಕುವಿನ ಬರಿ

ಅಲ್ ಮುರಕ್ಕಬಾತ್, ದುಬೈ
೭ ನವೆಂಬರ್ ೨೦೧೪, ಶುಕ್ರವಾರ

ನನ್ನ ಮೇಲೆ ಮುನಿಸಿಕೊಂಡು ಕೂತಿರುವ ಅಮ್ಮನಿಗೆ, ನಿಖಿತಾಳ ನಮಸ್ಕಾರ.

ಫೋನ್ ಮಾಡಿದರೆ ಕಟ್ ಮಾಡುತ್ತೀ. ಅದಕ್ಕೇ ಈ ಪತ್ರ. ಊರಿಗೆ ಹೊರಟಿರುವ ನನ್ನ ರೂಮ್‌ಮೇಟ್ ಸಕೀನಳ ಕೈಯಲ್ಲಿ ಕಳಿಸುತ್ತಿದ್ದೇನೆ. ಒಲೆಗೆ ಹಾಕಬೇಡ, ಒಮ್ಮೆ ಓದು.

ನನ್ನನ್ನು ಒಂದು ಮಾತು ಕೇಳದೆ ಸುಶಾಂತನ ಜೊತೆ ನಿಶ್ಚಿತಾರ್ಥಕ್ಕೆ ಹೊರಟಿದ್ದೀರಿ. ಜಯಪಾಲ ಮಾವ ಹಾಲ್‌ನ ಫೋಟೊ ಕೂಡ ವಾಟ್ಸಾಪಿಗೆ ಹಾಕಿದ್ದಾರೆ. ಆಗುವುದಿಲ್ಲ ಅಮ್ಮ, ನನ್ನಿಂದ ಆಗುವುದಿಲ್ಲ. ಕ್ಲಿನಿಕ್ಕಿನಲ್ಲಿ ರೋಗಿಗೆ ಸೂಜಿ ಚುಚ್ಚುವಾಗಲೂ ಇದೇ ಯೋಚನೆ.

ನಮ್ಮ ಲ್ಯಾಬಿನ ಕ್ವೆಕುವನ್ನು ಮದುವೆಯಾದರೆ ಎಬೋಲಾ ಬಂದು ಸಾಯುತ್ತೇನೆ ಎಂದೆಯಂತೆ, ಅಪ್ಪ ಹೇಳಿದರು. ಆಫ್ರಿಕಾ ಅಂದರೆ ನಮ್ಮ ಮಲ್ಪೆ-ಕೊಡವೂರಿನಷ್ಟು ಪುಟ್ಟದು ಅಂದುಕೊಂಡೆಯಾ? ಅವನದು ಘಾನಾ. ರೋಗ ಹಬ್ಬಿದ ಲೈಬೀರಿಯಾಕ್ಕೂ ಅದಕ್ಕೂ ನಡುವೆ ಐವರಿ ಕೋಸ್ಟ್ ಎಂಬ ಇಡೀ ದೇಶವಿದೆ. ಘಾನಾದಲ್ಲಿ ಇವತ್ತಿನವರೆಗೆ ಒಬ್ಬರಿಗೂ ಬಂದಿಲ್ಲ. ಅವನು ಊರಿಗೆ ಹೋಗದೆ ಎರಡು ವರ್ಷವಾಯಿತು.

ಘಾನಾದ ಉತ್ತರಕ್ಕೆ ಒಣ ಹುಲ್ಲುಗಾವಲು, ನಡುವೆ ಕೋಕೋ ಬೆಳೆಯುವ ಕಾಡು, ವೋಲ್ಟಾ ನದಿಗೆ ಅಣೆಕಟ್ಟು ಕಟ್ಟಿ ಆದ ದೊಡ್ಡ ಸರೋವರ. ಕೆಳಗೆ ಕಡಲು, ತೆಂಗು. ಅಲ್ಲೇ ಅವನ ಊರು ಕೇಪ್ ಕೋಸ್ಟ್. ಪೋರ್ಚುಗೀಸರು ಆ ಕರಾವಳಿಗೂ ಬಂದು ಕೋಟೆ ಕಟ್ಟಿದರು. ನಮ್ಮಲ್ಲಿಂದ ಮೆಣಸು ಒಯ್ದರು, ಅಲ್ಲಿಂದ ಚಿನ್ನ. ಆಮೇಲೆ ಬಿಳಿಯರೆಲ್ಲ ಸೇರಿ ಮನುಷ್ಯರನ್ನೇ ಹಡಗಿಗೆ ತುಂಬಿದರು. ಈಗ ಅವನ ತಾಯಿ ಅಂಥದೇ ಒಂದು ಕೋಟೆಯ ಬುಡದಲ್ಲಿ ಮೀನು ಮಾರುತ್ತಾಳೆ. ನೀನೂ ಮೀನುಬುಟ್ಟಿ ಹೊತ್ತವಳೇ ಅಲ್ಲವಾ? ಮಂಗಳವಾರ ಕಡಲಿಗೆ ರಜೆ ಎಂದು ಅಲ್ಲಿ ದೋಣಿ ಇಳಿಸುವುದಿಲ್ಲವಂತೆ.

ಜಾತಿ ಬಿಡಿ, ಬರಿ ಯಾವುದೆಂದಾದರೂ ಹೇಳುತ್ತಾನಾ ಎಂದು ಜಯಪಾಲ ಮಾವ ನಕ್ಕರಂತೆ. ಹೇಳುತ್ತಾನೆ! ನಮ್ಮ ಬರಿಯ ಹಾಗೆಯೇ ಅವರಲ್ಲೂ ಕುಲ ಬರುವುದು ತಾಯಿಯಿಂದ. ಒಂದೇ ಕುಲದೊಳಗೆ ಮದುವೆಯಿಲ್ಲ. ಸೋದರಮಾವನ ಆಸ್ತಿ ಅಳಿಯನಿಗೆ. ನಮ್ಮ ಅಳಿಯಕಟ್ಟೇ ಅಮ್ಮ! ಇದನ್ನು ಕೇಳಿದ ದಿನ ಬಸ್‌ಸ್ಟಾಪಿನಲ್ಲಿ ನಗುತ್ತಾ ನಗುತ್ತಾ ಅತ್ತುಬಿಟ್ಟೆ.

ಹೆಣ್ಣು ಕೇಳಲು ಅಲ್ಲಿ ಹುಡುಗನ ಸೋದರಮಾವ ಹೋಗಿ ಹುಡುಗಿಯ ಮನೆಯ ಬಾಗಿಲು ತಟ್ಟಬೇಕು. ಒಳಗಿನವರು ಕರೆಯದೆ ಕೂರುವಂತಿಲ್ಲ. ಆ ಮಾವ ಇಲ್ಲೇ ಸತ್ವಾದಲ್ಲಿ ಟೈಲರ್. ಬಾಗಿಲು ತಟ್ಟದೆ, ನಿನ್ನ ಒಪ್ಪಿಗೆಯಿಲ್ಲದೆ ರಿಜಿಸ್ಟರ್ ಮದುವೆ ಬೇಡವೇ ಬೇಡ ಎಂದು ಕ್ವೆಕುವಿನ ಹಠ. ಅವನನ್ನು ಬಿಟ್ಟರೆ ನಾನು ಬದುಕಲಾರೆ, ನಿನ್ನನ್ನು ಬಿಟ್ಟರೂ ಅಷ್ಟೇ. ಎಲ್ಲಿಗೆ ಹೋಗಲಿ ಹೇಳು?

ಕೈಮುಗಿಯುತ್ತೇನೆ. ಬಯ್ಯುವುದಿದ್ದರೆ ಬಾಯಿ ತುಂಬ ಬಯ್ಯಿ, ಆದರೆ ಫೋನ್ ಎತ್ತು.

ಏನೇ ಆದರೂ ನಿನ್ನ ಮಗಳು,
ನಿಖಿತಾ

ಬರೆದು ಮುಗಿಸಿದ ಮೇಲೆ: ಸಕೀನಳ ರಜೆ ರದ್ದಾಯಿತು. ಈ ಪತ್ರ ಕೊಟ್ಟು ಅಂಗಳದಲ್ಲಿ ನಿಂತಿರುವವರೇ ಕ್ವೆಕುವಿನ ಮಾವ. ಅವರು ನಗುತ್ತಿದ್ದರೆ ಸಿಟ್ಟಾಗಬೇಡ. ನೀನು ಒಪ್ಪಿದ್ದೀ, ಅವರ ದಾರಿ ಕಾಯುತ್ತಿದ್ದೀ ಎಂದು ನಾನೇ ಸುಳ್ಳು ಹೇಳಿ ಕಳಿಸಿದ್ದೇನೆ.